ಮಗು ಹೇಳಲಿಲ್ಲವೇಕೆ?



ಈ ಪತ್ರಿಕೆಯಲ್ಲಿ ಬಿತ್ತನೆ ಬೀಜ, ಗೊಬ್ಬರದ ಗುಂಡಿ, ಕುರಿಗಳ ಜಂತುಹುಳು ಮುಂತಾದ ವಿಷಯಗಳನ್ನು ನೀವು ಓದುತ್ತಲೇ ಇರುತ್ತೀರಿ. ಈ ಸಲ ನಿಮ್ಮ ಮನೆಯಿಂದ ಪ್ರಾಥಮಿಕ ಶಾಲೆಗೆ ಹೋಗುವ ಮಗುವಿನ ಮನಸ್ಸಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. “ಅದರಲ್ಲಿ ಹೇಳುವುದಕ್ಕೇನಿದೆ? ಮಕ್ಕಳು ಅಳುತ್ತವೆ, ನಗುತ್ತವೆ, ತಾವಾಗಿಯೇ ಬೆಳೆಯುತ್ತವೆ” ಎಂದು ನೀವು ಕೇಳಬಹುದು. ಮೊದಲು ಒಂದು ಸಂಗತಿಯನ್ನು ಕೇಳಿ.

ನಮ್ಮ ಕಡೆಯ ಒಂದು ಹಳ್ಳಿ. ಮೂರನೆಯ ತರಗತಿಯ ಹುಡುಗ. ಶಾಲೆ ಬಿಟ್ಟ ಕೂಡಲೆ ನೇರವಾಗಿ ಮನೆಗೆ ಬರಬೇಕೆಂದು ಅವನ ತಂದೆಯ ಕಟ್ಟಪ್ಪಣೆ. ಹುಡುಗ ಒಂದು ಸಂಜೆ ಅಪ್ಪಣೆ ಮೀರಿ ಗೆಳೆಯರೊಡನೆ ಕೆರೆಯ ಏರಿಯ ಆಚೆಗಿನ ಹುಣಿಸೆ ತೋಪಿಗೆ ಹೋದ. ಅಲ್ಲಿ ಒಂದು ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ದೊಡ್ಡ ಗಾಯವೇನಲ್ಲ, ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಹುಡುಗ ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಮನೆಗೆ ಬಂದ. ಅಣ್ಣನ ಉದ್ದ ಷರಾಯಿ ಹಾಕಿಕೊಂಡ. ಊಟ ಮಾಡಿ ಮಲಗಿದ. ಯಾರಿಗೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಮೂರನೆಯ ದಿನ ಭಾನುವಾರ. ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿಯ ಕೈಗೆ ಗಾಯ ತಗುಲಿತು. “ಮುಳ್ಳು ಗೀರಿತು” ಎಂದ ಹುಡುಗ. ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣದು. ಆದರೂ ಮುಳ್ಳಿನ ಗೀರು ಯಾವುದು, ಹಲ್ಲಿನ ಗುರುತು ಯಾವುದು ಎಂಬುದು ಅವರ ಬೆರಳಿಗೆ ಗೊತ್ತು. ಅವರು ಗದರಿಸಲಿಲ್ಲ. ತಲೆ ಒರೆಸುತ್ತಾ, “ನಾಯಿ ಯಾವುದು ಮಗ, ಕರಿಯದೋ ಕಂದೋ?” ಎಂದು ಕೇಳಿದರು. ಹುಡುಗ ಬಿಕ್ಕಿ ಬಿಕ್ಕಿ ಅತ್ತು ಎಲ್ಲವನ್ನೂ ಹೇಳಿಬಿಟ್ಟ.

ಅದೇ ಹೊತ್ತಿನಲ್ಲಿ ಅವನನ್ನು ಆಸ್ಪತ್ರೆಗೆ ಕರೆತಂದರು. ನಾನು ಬೇರೆ ಕೆಲಸದ ಮೇಲೆ ಅಲ್ಲಿದ್ದೆ. “ಮೂರು ದಿನ ಏಕೆ ತಡ ಮಾಡಿದಿರಿ?” ಎಂದು ವೈದ್ಯರು ಕೇಳಿದರು. “ನನಗೆ ಗೊತ್ತೇ ಇಲ್ಲ ಸ್ವಾಮಿ, ಅವನು ಹೇಳಲೇ ಇಲ್ಲ” ಎಂದರು ತಂದೆ. ವೈದ್ಯರು ಹುಡುಗನ ಕಡೆ ತಿರುಗಿದರು. “ಯಾಕಪ್ಪ ಹೇಳಲಿಲ್ಲ?” ಹುಡುಗ ನೆಲ ನೋಡುತ್ತಾ, “ಅಪ್ಪ ಹೊಡೀತಾರೆ ಅಂತ” ಎಂದ. ಆ ತಂದೆಯ ಮುಖವನ್ನು ನಾನು ಇನ್ನೂ ಮರೆತಿಲ್ಲ. ಅವರು ಕೆಟ್ಟವರಲ್ಲ. ಮಗನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುವವರು. ಆದರೆ ಹುಡುಗ ನಾಯಿಗಿಂತ ಅಪ್ಪನಿಗೆ ಹೆಚ್ಚು ಹೆದರಿದ್ದ. ಇದು ಸತ್ಯ.

ಹುಡುಗನಿಗೆ ಚುಚ್ಚುಮದ್ದು ಆಯಿತು, ಈಗ ಚೆನ್ನಾಗಿದ್ದಾನೆ. ಆದರೆ ಎಲ್ಲ ಮನೆಗಳಲ್ಲಿಯೂ ಕೈಯಿಟ್ಟು ನೋಡುವ ಅಜ್ಜಿ ಇರುವುದಿಲ್ಲ. ಹುಚ್ಚುನಾಯಿಯ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ಕಡಮೆ. ನಮ್ಮ ದೇಶದಲ್ಲಿ ಈ ರೋಗಕ್ಕೆ ತುತ್ತಾಗುವವರಲ್ಲಿ ನೂರಕ್ಕೆ 30ರಿಂದ 60 ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ನಾಯಿ ಕಚ್ಚಿದ್ದು ಅನೇಕ ವೇಳೆ ಹಿರಿಯರ ಗಮನಕ್ಕೇ ಬಾರದೆ ಹೋಗುತ್ತದೆ ಎಂಬುದು ಅದು ಕೊಡುವ ಕಾರಣ. (ಕಚ್ಚಿದ ಜಾಗವನ್ನು ಕೂಡಲೆ ಸಾಬೂನು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಕಾರದ ಪುಡಿ ಯಾವುದನ್ನೂ ಮೆತ್ತಕೂಡದು. ಅಂದೇ ಆಸ್ಪತ್ರೆಗೆ ಹೋಗಬೇಕು. ತಡವಾಗಿದ್ದರೆ “ಇನ್ನೇನು ಪ್ರಯೋಜನ” ಎಂದು ಸುಮ್ಮನಿರದೆ ಆಗಲೂ ಹೋಗಬೇಕು. ಚುಚ್ಚುಮದ್ದನ್ನು ನಡುವೆ ಬಿಡದೆ, ವೈದ್ಯರು ಹೇಳಿದ ದಿನಗಳಲ್ಲಿ ಪೂರ್ತಿ ಹಾಕಿಸಬೇಕು.)

ಹೆದರಿದಾಗ ಹೆದರಿದೆನೆಂದು ಹಿರಿಯರ ಬಳಿ ಬಂದು ಹೇಳುವುದು ಒಂದು ವಿದ್ಯೆ. ಕೋಪ ಬಂದಾಗ ಕೈ ಎತ್ತದಿರುವುದು, ಸೋತಾಗ ಆಟ ಕೆಡಿಸದಿರುವುದು, ಅಳುತ್ತಿರುವ ಗೆಳೆಯನ ಪಕ್ಕದಲ್ಲಿ ಹೋಗಿ ಕೂರುವುದು, ಇವೂ ವಿದ್ಯೆಗಳೇ. ಮಗ್ಗಿಯನ್ನು ಹೇಗೆ ಕಲಿಸಬೇಕೋ ಹಾಗೆ ಇವನ್ನೂ ಕಲಿಸಬೇಕು. ಭಾವನೆಗಳನ್ನು ನಿಭಾಯಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿಯೇ ಮಕ್ಕಳಿಗೆ ಶಾಲೆಯಲ್ಲಿ ಕಲಿಸತಕ್ಕ ಹತ್ತು ಜೀವನ ಕೌಶಲಗಳ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇದನ್ನು ಶಾಲೆಗಳಲ್ಲಿ ಕಲಿಸುವ ಬಗೆಗೆ ಉಪಾಧ್ಯಾಯರಿಗಾಗಿ ಕೈಪಿಡಿಗಳನ್ನು ಸಿದ್ಧಪಡಿಸಿದ್ದಾರೆ.

“ಏಳು ವರ್ಷದವನಿಗೆ ಬುದ್ಧಿ ಇರಬೇಡವೆ?” ಎನ್ನುತ್ತೇವೆ. ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕಾದದ್ದುಂಟು. ಅಪಾಯವೆಂದು ಕೂಗಿ ಎಬ್ಬಿಸುವ ಒಂದು ಭಾಗ ಮಿದುಳಿನ ಒಳಗಡೆ ಇದೆ. ಅದು ಎಳೆಯ ವಯಸ್ಸಿನಲ್ಲಿಯೇ ಚುರುಕಾಗಿ ಕೆಲಸ ಮಾಡುತ್ತದೆ. “ತಡೆ, ಯೋಚಿಸು” ಎಂದು ಹೇಳುವ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿಯಾಗಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಆದುದರಿಂದ ಮಗುವಿಗೆ ಸಿಟ್ಟೋ ಹೆದರಿಕೆಯೋ ಏರಿದಾಗ, ಕೂಗುವವನು ಇದ್ದಾನೆ, ತಡೆಯುವವನು ಇನ್ನೂ ಬೆಳೆದಿಲ್ಲ. ಆ ಹೊತ್ತಿಗೆ ತಡೆಯುವವರಾಗಿ ನಾವು ನಿಲ್ಲಬೇಕು. ಎಳೆಯ ಹೋರಿಗೆ ಮೊದಲ ದಿನವೇ ನೇಗಿಲು ಕಟ್ಟುತ್ತೀರಾ? ಈಗ ಟ್ರ್ಯಾಕ್ಟರು ಬಂದಿದೆ, ನಿಜ. ಆದರೂ ನಿಮ್ಮಲ್ಲಿ ಹಲವರು ಹೋರಿ ಪಳಗಿಸಿದವರೇ. ಬರಿಯ ನೊಗ ಹೊರಿಸಿ, ಪಳಗಿದ ಎತ್ತಿನ ಜೊತೆಗೆ ಹೂಡಿ ನಡೆಸುತ್ತೀರಿ. ಪಳಗಿದ್ದು ಬೆದರದಿದ್ದರೆ ಎಳೆಯದೂ ಬೆದರುವುದಿಲ್ಲ. ಪಳಗಿದ್ದೇ ಹಗ್ಗ ಕಿತ್ತುಕೊಂಡು ಓಡಿದರೆ ಎಳೆಯದರ ಗತಿಯೇನು? ಸಿಟ್ಟಾದ ಮಗುವಿನ ಎದುರು ನಾವೂ ಕೂಗಾಡಿದರೆ ಆಗುವುದು ಇದೇ.

ಮೊದಲ ಕೆಲಸ, ಮಗುವಿಗೆ ಮಾತು ಕೊಡುವುದು. ಮಳೆಗೆ ನಾವು ಎಷ್ಟೊಂದು ಹೆಸರಿಟ್ಟಿದ್ದೇವೆ ನೋಡಿ. ತುಂತುರು, ಸೋನೆ, ಜಡಿ, ಹದಮಳೆ, ಬಿರುಮಳೆ. ಮಳೆ ಬೇರೆಯಾದರೆ ಮಾಡುವ ಕೆಲಸವೂ ಬೇರೆ. ಹದಮಳೆಗೆ ಕೂರಿಗೆ ಹೊರಡುತ್ತದೆ, ಸೋನೆ ಹಿಡಿದರೆ ಕಣಕ್ಕೆ ಟಾರ್ಪಾಲು ಬೀಳುತ್ತದೆ. ಮನಸ್ಸಿನ ಹವೆಯೂ ಹಾಗೆಯೇ. ಕತ್ತಲಲ್ಲಿ ಆಗುವುದು ಹೆದರಿಕೆ. ಮೇಷ್ಟ್ರು ಪ್ರಶ್ನೆ ಕೇಳುವ ಮುಂಚೆ ಆಗುವುದು ಅಳುಕು. ಸಂತೆಗೆ ಹೋದ ಅವ್ವ ಹೊತ್ತು ಮುಳುಗಿದರೂ ಬಾರದಿದ್ದರೆ ದಿಗಿಲು. ನಾಲ್ವರ ಎದುರು ಬೈಸಿಕೊಂಡರೆ ಅವಮಾನ. ತಮ್ಮನಿಗೆ ಮಾತ್ರ ಹೊಸ ಅಂಗಿ ಬಂದರೆ ಹೊಟ್ಟೆಕಿಚ್ಚು. ಕನ್ನಡದಲ್ಲಿ ಇಷ್ಟೆಲ್ಲ ಮಾತು ಇದ್ದರೂ ನಮ್ಮ ಮಕ್ಕಳಿಗೆ ನಾವು ಕಲಿಸಿರುವುದು “ಹೊಟ್ಟೆ ನೋವು” ಒಂದನ್ನೇ. ಸೋಮವಾರ ಬೆಳಗ್ಗೆ ಶಾಲೆಯ ಹೊತ್ತಿಗೆ ಬರುವ ಹೊಟ್ಟೆ ನೋವನ್ನು ನೆವವೆಂದು ಕಡೆಗಣಿಸಬೇಡಿ. ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಕೋರ್ಟಿಗೆ ಹೋಗುವ ದಿನ ನಿಮಗೆ ಊಟ ಸೇರುತ್ತದೆಯೆ?

ಮನಸ್ಸಿನೊಳಗಿನದಕ್ಕೆ ಹೆಸರು ಹೇಳಿದರೆ ಅದರ ಕಾವು ಇಳಿಯುತ್ತದೆ. ಇದು ಅನುಭವದ ಮಾತು ಮಾತ್ರವಲ್ಲ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯದವರು 2007ರಲ್ಲಿ ದೊಡ್ಡವರಿಗೆ ಸಿಟ್ಟಿನ ಮುಖ, ಭಯದ ಮುಖಗಳ ಚಿತ್ರಗಳನ್ನು ತೋರಿಸಿ, ಆ ಭಾವನೆಯ ಹೆಸರನ್ನು ಗುರುತಿಸುವಂತೆ ಹೇಳಿದರು. ಹೆಸರು ಗುರುತಿಸಿದಾಗ ಮಿದುಳಿನ ಆ ಕೂಗುವ ಭಾಗದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿನ ಒಂದು ಭಾಗ ಕೆಲಸಕ್ಕೆ ತೊಡಗಿತು. ಆದುದರಿಂದ ಮಗು ಸುಮ್ಮನೆ ಮೂಲೆ ಹಿಡಿದು ಕೂತಾಗ, “ಏನಾಯ್ತು, ಬೊಗಳು” ಎನ್ನುವ ಬದಲು, “ಮೇಷ್ಟ್ರು ಬೈದರೇನೋ, ನಾಚಿಕೆ ಆಯ್ತಾ?” ಎಂದು ಕೇಳಿ ನೋಡಿ. ನಿಮ್ಮ ಊಹೆ ತಪ್ಪಿದ್ದರೂ ಚಿಂತೆಯಿಲ್ಲ. “ನಾಚಿಕೆ ಅಲ್ಲ, ಸಿಟ್ಟು” ಎಂದು ಮಗುವೇ ತಿದ್ದುತ್ತದೆ. ತಿದ್ದಿತೆಂದರೆ ಮಾತು ಹೊರಟಿತೆಂದೇ ತಿಳಿಯಿರಿ.

ಇದಕ್ಕೆ ಬೇರೆ ಹೊತ್ತು ಬೇಕಾಗಿಲ್ಲ. ಹುಲ್ಲು ಹೊರುವಾಗ, ಹಾಲು ಕರೆಯುವಾಗ, ಕಡಲೆಕಾಯಿ ಬಿಡಿಸುವಾಗ ಆಗುವ ಮಾತು ಸಾಕು. ನನ್ನ ಅನುಭವದಲ್ಲಿ, ಎದುರಿಗೆ ಕೂರಿಸಿಕೊಂಡು ಕಣ್ಣಿನಲ್ಲಿ ಕಣ್ಣಿಟ್ಟು ವಿಚಾರಿಸಿದರೆ ಮಗು ಬಾಯಿ ಮುಚ್ಚುತ್ತದೆ. ಕೈಗೆ ಒಂದು ಕೆಲಸ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರೆ ತಾನಾಗಿಯೇ ಹೇಳುತ್ತದೆ. ಅಜ್ಜಿ ತಲೆ ಒರೆಸುತ್ತಾ ಕೇಳಿದ್ದನ್ನು ನೆನೆದುಕೊಳ್ಳಿ.

ಇನ್ನು ಕೋಪದ ವಿಚಾರ. ಚೌಕಾಬಾರ ಆಡುವಾಗ ಅಕ್ಕ ಕಾಯಿ ಕಡಿದಳು. ತಮ್ಮ ಕವಡೆಗಳನ್ನು ಎಸೆದು ಅವಳ ಜಡೆ ಎಳೆದ. ನಾವು ಏನು ಮಾಡುತ್ತೇವೆ? ಓಡಿ ಬಂದು ಅವನ ಬೆನ್ನಿಗೆ ಎರಡು ಬಾರಿಸಿ, “ಇನ್ನೊಂದು ಸಲ ಹೊಡೆದೀಯಾ?” ಎನ್ನುತ್ತೇವೆ. ಹೊಡೆಯಬೇಡವೆಂಬ ಪಾಠವನ್ನು ಹೊಡೆದು ಕಲಿಸುವುದು ಹೇಗೆ? ಬಲವಿದ್ದವನು ಹೊಡೆಯಬಹುದು ಎಂಬುದನ್ನಷ್ಟೇ ಹುಡುಗ ಕಲಿಯುತ್ತಾನೆ. ಹಾಗೆಂದು ಬಿಟ್ಟುಬಿಡುವುದೂ ಸಲ್ಲದು. ಮೊದಲು ಕೈ ಹಿಡಿದು ಬಿಡಿಸಿ. “ಸೋತದ್ದಕ್ಕೆ ಸಿಟ್ಟು ಬಂತು, ಬರಲಿ. ಆದರೆ ಜಡೆ ಎಳೆಯುವಂತಿಲ್ಲ” ಎಂದು ಚಿಕ್ಕದಾಗಿ, ಗಟ್ಟಿಯಾಗಿ ಹೇಳಿ. ಸಿಟ್ಟು ತಪ್ಪಲ್ಲ, ಕೈ ಮಾಡಿದ್ದು ತಪ್ಪು. ಈ ವ್ಯತ್ಯಾಸವೇ ಇಲ್ಲಿಯ ಮುಖ್ಯ ಪಾಠ. ಆ ಕ್ಷಣದಲ್ಲಿ ಉದ್ದ ಉಪದೇಶ ಕಿವಿಗೆ ಹೋಗುವುದಿಲ್ಲ, ಏಕೆಂದರೆ ಕೇಳಿಸಿಕೊಳ್ಳುವ ಭಾಗ ಆಗ ಕೆಲಸದಲ್ಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ತೊಟ್ಟಿಯಿಂದ ಒಂದು ಚೆಂಬು ನೀರು ಮುಖಕ್ಕೆ ಹಾಕಿಸಿ. ಬಿಸಿ ಮುದ್ದೆಯನ್ನು ಊದಿ ಆರಿಸುವಂತೆ ನಿಧಾನವಾಗಿ ಉಸಿರು ಬಿಡಿಸಿ. ಉಸಿರು ನಿಧಾನವಾದರೆ ಎದೆಯ ಬಡಿತವೂ ನಿಧಾನವಾಗುತ್ತದೆ. ಸಿಟ್ಟು ಇಳಿದ ಮೇಲೆ ಚೆದರಿದ ಕವಡೆಯನ್ನು ಅವನೇ ಆರಿಸಿ ತರಬೇಕು, ಅಕ್ಕನನ್ನು ಮತ್ತೆ ಆಟಕ್ಕೆ ಅವನೇ ಕರೆಯಬೇಕು. “ತಪ್ಪಾಯ್ತು ಅನ್ನು” ಎಂದು ಕುತ್ತಿಗೆ ಹಿಡಿದು ಹೇಳಿಸಿದ ಕ್ಷಮೆಗಿಂತ ಇದು ಮೇಲು.

ಆಟದ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಚೌಕಾಬಾರ, ಅಳಗುಳಿಮಣೆ, ಲಗೋರಿ, ಕುಂಟೆಬಿಲ್ಲೆ ಇವೆಲ್ಲ ತನ್ನ ಸರದಿಗೆ ಕಾಯುವುದನ್ನೂ ಸೋಲನ್ನು ನುಂಗಿಕೊಳ್ಳುವುದನ್ನೂ ಕಲಿಸುವ ಶಾಲೆಗಳು. ಅಳುವ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಅಳು ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಅಳುವನ್ನು ತಾನೇ ನಿಲ್ಲಿಸಿಕೊಳ್ಳುವ ಅಭ್ಯಾಸ ಮಗುವಿಗೆ ಆಗುವುದಿಲ್ಲ.

ದುಃಖವನ್ನು ನಾವು ಇನ್ನೂ ಹಗುರವಾಗಿ ಕಾಣುತ್ತೇವೆ. ಹಳ್ಳಿಯ ಮಗುವಿಗೆ ಮೊದಲ ಸಾವು, ಮೊದಲ ಅಗಲಿಕೆ ಅನೇಕ ವೇಳೆ ಕೊಟ್ಟಿಗೆಯಲ್ಲಿಯೇ ಆಗುತ್ತದೆ. ಒಂದು ಮನೆಯಲ್ಲಿ ಎರಡನೆಯ ತರಗತಿಯ ಹುಡುಗಿ ಬಾಟಲಿ ಹಾಲು ಕುಡಿಸಿ ಸಾಕಿದ ಮೇಕೆಮರಿಯನ್ನು ಹಬ್ಬದ ಮುಂಚೆ ಸಂತೆಯಲ್ಲಿ ಮಾರಿದರು. ಮಾರಲೇಬೇಕಾಗಿತ್ತು, ಸಾಲದ ಕಂತು ತಲೆಯ ಮೇಲಿತ್ತು. ಆದರೆ ಅವಳು ಶಾಲೆಯಲ್ಲಿದ್ದಾಗ ಹೇಳದೆ ಒಯ್ದರು. ಅಳುತ್ತಾಳೆಂದು ಹಾಗೆ ಮಾಡಿದರಂತೆ. ಹುಡುಗಿ ಅಳಲಿಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ಬಹಳ ದಿನ ಶಾಲೆಗೆ ಹೋಗುವುದಕ್ಕೇ ಒಪ್ಪಲಿಲ್ಲ. ತಾನು ಮನೆಯಲ್ಲಿ ಇಲ್ಲದಾಗ ಇನ್ನೇನು ಹೋಗುತ್ತದೋ ಎಂಬ ದಿಗಿಲು. ಹಿಂದಿನ ರಾತ್ರಿಯೇ, “ನಾಳೆ ಮರಿಯನ್ನು ಮಾರುತ್ತೇವೆ, ಕಂತು ಕಟ್ಟಬೇಕು, ನಿನಗೆ ದುಃಖವಾಗುತ್ತದೆ, ನನಗೂ ಆಗುತ್ತದೆ” ಎಂದು ಹೇಳಿ, ಒಂದು ಹಿಡಿ ಸೊಪ್ಪನ್ನು ಅವಳ ಕೈಯಿಂದ ತಿನ್ನಿಸಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಕೊನೆಗೆ ಅವಳ ತಾಯಿ ಮರಿಯ ಕೊರಳಿನ ಗೆಜ್ಜೆಯನ್ನು ಹುಡುಕಿ ಕೊಟ್ಟಮೇಲೆ ಅತ್ತಳಂತೆ. “ಗಂಡುಹುಡುಗ ಅಳಬಾರದು” ಎಂಬ ಮಾತನ್ನೂ ಇಲ್ಲಿಯೇ ಬಿಟ್ಟುಬಿಡುವುದು ಒಳ್ಳೆಯದು. ಅಳಗೊಡದ ದುಃಖ ಸಿಡುಕಾಗಿ ಹೊರಬರುತ್ತದೆ.

ಸಾಲದ ಮಾತೆಂದೆ. ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಮಾತು ಕಡಮೆಯಾಗುತ್ತದೆ, ಇಲ್ಲವೆ ಜಗಳ ಹೆಚ್ಚಾಗುತ್ತದೆ. ಮಗುವಿಗೆ ತಿಳಿಯದು ಎಂದುಕೊಳ್ಳುತ್ತೇವೆ. ಅದು ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿರುತ್ತದೆ. ಅರ್ಧ ತಿಳಿದ ಮಗು ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ. “ನಾನು ಪುಸ್ತಕ ಕೇಳಿದ್ದಕ್ಕೇ ಅಪ್ಪ ಅವ್ವ ಜಗಳವಾಡಿದರು” ಎಂದೇ ಅನೇಕ ಮಕ್ಕಳು ನಂಬುತ್ತವೆ. ಲೆಕ್ಕವನ್ನೆಲ್ಲ ಮಗುವಿನ ತಲೆಗೆ ಹೊರಿಸಬೇಡಿ. “ಈ ವರ್ಷ ರಾಗಿ ಬರಲಿಲ್ಲ, ಅದಕ್ಕೆ ಅಪ್ಪನಿಗೆ ಚಿಂತೆ. ನಿನ್ನ ತಪ್ಪು ಏನೂ ಇಲ್ಲ. ನಾವು ದೊಡ್ಡವರು ದಾರಿ ನೋಡುತ್ತೇವೆ.” ಇಷ್ಟು ಸಾಕು.

ಎಲ್ಲಕ್ಕಿಂತ ಕಷ್ಟದ್ದು ತಂದೆಯಾದವನ ಪಾಲಿಗೆ ಉಳಿದಿದೆ. ನಾವೇ ತಾಳ್ಮೆ ತಪ್ಪುವ ದಿನಗಳು ಬರುತ್ತವೆ. ಪಂಪು ಸುಟ್ಟುಹೋದ ಸಿಟ್ಟು ಮಗುವಿನ ಬೆನ್ನಿನ ಮೇಲೆ ಇಳಿದುಬಿಡುತ್ತದೆ. ಆಗ, “ನಾನು ಕೂಗಿದ್ದು ತಪ್ಪಾಯ್ತು, ಪಂಪಿನ ಸಿಟ್ಟು ನಿನ್ನ ಮೇಲೆ ಹಾಕಿದೆ” ಎಂದು ಮಗುವಿಗೆ ಹೇಳಲು ಸಾಧ್ಯವೆ? ನಾಲಗೆ ಏಳುವುದಿಲ್ಲ, ನನಗೆ ಗೊತ್ತು. ತಂದೆಯ ಗೌರವ ಹೋಗುತ್ತದೆಯೇನೋ ಎನಿಸುತ್ತದೆ. ಹೇಳಿ ನೋಡಿದವರು ಗೌರವ ಹೋಯಿತೆಂದು ನನಗಂತೂ ಹೇಳಿಲ್ಲ. ನಾಯಿ ಕಚ್ಚಿದ ಹುಡುಗನ ತಂದೆ ಆಮೇಲೆ ಒಂದು ದಿನ ಸಿಕ್ಕಿದ್ದರು. ಹುಡುಗ ಶಾಲೆಯಿಂದ ಬಂದು, “ಅಪ್ಪ, ಕೊಡೆ ಕಳೆದುಬಿಟ್ಟೆ” ಎಂದನಂತೆ. ಹೊಸ ಕೊಡೆ. “ಕೈ ಮೇಲೆ ಹೋಗಿತ್ತು ಸ್ವಾಮಿ, ಇಳಿಸಿಕೊಂಡೆ” ಎಂದರು. “ಬಂದು ಹೇಳಿದೆಯಲ್ಲ, ಒಳ್ಳೆಯದಾಯ್ತು. ನಡಿ, ಹುಡುಕೋಣ” ಎಂದು ಕರೆದುಕೊಂಡು ಹೋದರಂತೆ. ಕೊಡೆ ಸಿಕ್ಕಲಿಲ್ಲ.

ಶಾಲೆಯಲ್ಲಿ ಈ ಕೆಲಸ ನಡೆಯಬೇಕಾದುದು ಇನ್ನೂ ಬೇಕಾದಷ್ಟಿದೆ. ಅಮೆರಿಕದ ಸಂಶೋಧಕರು ಇಂಥ ಪಾಠಗಳನ್ನು ಕಲಿಸಿದ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ, 2,70,034 ಮಕ್ಕಳ ಲೆಕ್ಕವನ್ನು ನೋಡಿ 2011ರಲ್ಲಿ ಪ್ರಕಟಿಸಿದರು. ಜಗಳ, ಹಟ ಕಡಮೆಯಾದದ್ದು ಸರಿಯೇ. ಓದಿನಲ್ಲಿಯೂ, ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತಿದ್ದ ಮಗು ಸುಮಾರು 11 ಸ್ಥಾನ ಮುಂದಕ್ಕೆ ಬರುವಷ್ಟು ಪ್ರಗತಿ ಕಂಡಿತು. “ಇದನ್ನೆಲ್ಲ ಕಲಿಸುತ್ತಾ ಕೂತರೆ ಲೆಕ್ಕ ಕಲಿಸುವುದು ಯಾವಾಗ?” ಎನ್ನುವ ಉಪಾಧ್ಯಾಯರಿಗೆ ಇದು ಉತ್ತರ. ನಮ್ಮಲ್ಲಿಯೂ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಚಿಕ್ಕ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು ಕಾರ್ಡುಗಳನ್ನು ಹಂಚಿಕೊಂಡು ಕಲಿಯುತ್ತವೆ. ಹಂಚಿಕೊಳ್ಳುವುದು, ಕಾಯುವುದು, ತಿಳಿಯದವರಿಗೆ ಹೇಳಿಕೊಡುವುದು ಇಲ್ಲಿ ಪಾಠದ ಒಳಗೇ ಸೇರಿದೆ.

ಶಾಲೆಯಲ್ಲಿ ಹೊಡೆಯುವುದು ಈಗ ಕಾನೂನಿಗೆ ವಿರೋಧ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯು ಮಗುವಿಗೆ ಪೆಟ್ಟು ಕೊಡುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಆದರೆ “ನಾಲ್ಕು ಬಿಡಿ ಮೇಷ್ಟ್ರೇ, ಕಣ್ಣೊಂದು ಬಿಟ್ಟು” ಎಂದು ನಾವೇ ಹೇಳಿ ಬರುತ್ತೇವಲ್ಲ, ಅದಕ್ಕೇನು ಮಾಡುವುದು? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳೇ ಹೆಚ್ಚಿನವರು. ಮುಂದಿನ ಸಭೆಯಲ್ಲಿ ಕಾಂಪೌಂಡು, ನೀರಿನ ಟ್ಯಾಂಕಿನ ವಿಚಾರ ಮುಗಿದ ಮೇಲೆ ಇದೊಂದನ್ನು ಕೇಳಿ: ನಮ್ಮ ಮಕ್ಕಳು ಏನಾದರೂ ಆದರೆ ಯಾರ ಬಳಿ ಹೋಗಿ ಹೇಳುತ್ತವೆ? ಪ್ರತಿ ಮಗುವಿಗೂ ಅಂಥ ಒಬ್ಬರು ಶಾಲೆಯಲ್ಲಿ ಇದ್ದಾರೆಯೆ? ಮುಟ್ಟಬಾರದ ರೀತಿಯಲ್ಲಿ ಯಾರಾದರೂ ಮಗುವನ್ನು ಮುಟ್ಟಿದರೂ ಅದು ಬಂದು ಹೇಳಬೇಕಾದುದು ಅವರಿಗೇ, ಇಲ್ಲವೆ ನಿಮಗೆ. ಕೊಡೆ ಕಳೆದದ್ದನ್ನು ಹೇಳಲು ಹೆದರುವ ಮಗು ಅದನ್ನು ಹೇಗೆ ಹೇಳೀತು?

ಕೆಲವು ಮಕ್ಕಳಿಗೆ ಮನೆಯ ಮಾತು, ಶಾಲೆಯ ಮಾತು ಸಾಲದೆ ಹೋಗಬಹುದು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಪ್ರಾರಂಭವಾಗುವುದು, ವಾರಗಟ್ಟಲೆ ಆಟಕ್ಕೆ ಹೋಗದಿರುವುದು, ರಾತ್ರಿ ಬೆಚ್ಚಿ ಏಳುವುದು, ಊಟ ಸೇರದಿರುವುದು, ಸಾಯುವ ಮಾತಾಡುವುದು, ಇವು ಕಂಡರೆ “ದೃಷ್ಟಿಯಾಗಿದೆ” ಎಂದು ದಿನ ಕಳೆಯಬೇಡಿ. ಸಾಯುವ ಮಾತು ಒಂದೇ ಸಲ ಬಂದರೂ ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರ್‌ನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಏರ್ಪಾಡಿನಲ್ಲಿ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ, ದುಡ್ಡಿಲ್ಲ. ಚಿಂತೆ ಹೆಚ್ಚಾದ ರೈತರೂ ತಮಗಾಗಿ ಇದೇ ಸಂಖ್ಯೆಗೆ ಮಾಡಬಹುದು. ಕಷ್ಟದಲ್ಲಿರುವ ಮಗು ತಾನೇ ಮಾಡಬಹುದಾದ ಸಂಖ್ಯೆ 1098. ಈ ಎರಡನ್ನೂ ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಮಗುವಿನ ಕೈಯಿಂದಲೇ ದೊಡ್ಡದಾಗಿ ಬರೆಯಿಸಿ.